ಗೋಡೆ ಕಡೆಯ ಎಂಜಿನ್

ವಿಮಾನನಿಲ್ದಾಣದ ಕ್ವಾರ್ಟರ್ಸ್
ಸೋಮವಾರ, ಬೆಳಿಗ್ಗೆ

ಪ್ರೀತಿಯ ಅಪ್ಪಾ,

ಪಾಸಾದರು, ನಿಮ್ಮ ಅಳಿಯ ಪಾಸಾದರು, ಇನ್ನು ಎರಡು ಎಂಜಿನ್ನಿನ ವಿಮಾನ ಇವರ ಕೈಯಲ್ಲಿ! ನಿಮ್ಮ ಮಂಡಿನೋವು ಹೇಗಿದೆ? ಅಮ್ಮನ ಕೆಮ್ಮು? ಮೊದಲು ಇದನ್ನೇ ಕೇಳಬೇಕಿತ್ತು, ಗೊತ್ತು. ಮದುವೆಯಾಗಿ ಮೂರೇ ತಿಂಗಳಿಗೆ ಮಗಳು ತವರು ಮರೆತಳು ಅಂತ ಅಮ್ಮನಿಗೆ ಚಾಡಿ ಹೇಳಬೇಡಿ.

ಈ ಪಾಸಿನಲ್ಲಿ ಅರ್ಧ ನನ್ನದು. ವಿಮಾನ ನೆಲ ಬಿಟ್ಟ ಕೂಡಲೇ ಒಂದು ಎಂಜಿನ್ ಕೆಟ್ಟರೆ ಮೂತಿ ಕೆಟ್ಟ ಕಡೆಗೇ ಎಳೆಯುತ್ತದಂತೆ. ಆಚೆ ಕಾಲಿನಿಂದ ಪೆಡಲ್ ಒತ್ತಿ ನೇರ ಮಾಡಬೇಕು. ಯಾವ ಕಾಲಿಗೆ ಕೆಲಸವಿಲ್ಲವೋ ಆ ಕಡೆಯ ಎಂಜಿನ್ ಸತ್ತಿದೆ ಎಂದರ್ಥ. ಅದರ ಲಿವರನ್ನು ಮೆಲ್ಲಗೆ ಎಳೆದು ಖಾತ್ರಿ ಮಾಡಿಕೊಂಡ ಮೇಲೆಯೇ ಬಂದ್ ಮಾಡಬೇಕು. ಇಷ್ಟಕ್ಕೂ ಸಿಗುವುದು ಕೆಲವೇ ಸೆಕೆಂಡು. ದಿನಾ ಬೆಳಿಗ್ಗೆ ನಾವು ಅಡುಗೆಮನೆಯಲ್ಲೇ ಅಭ್ಯಾಸ ಮಾಡುತ್ತಿದ್ದೆವು. ಇವರು ಕಣ್ಣು ಮುಚ್ಚಿ ಕುರ್ಚಿಯಲ್ಲಿ, ಲಿವರ್‌ಗಳ ಬದಲು ಎರಡು ಚಮಚ, ಕುರ್ಚಿಯನ್ನು ತಟಕ್ಕನೆ ತಿರುಗಿಸುವವಳು ನಾನು. ಬಲಗಾಲು ಟೇಬಲ್ಲಿನ ಕಾಲಿಗೆ, ಕೈ ಎಡ ಚಮಚಕ್ಕೆ. "ಕೋತಿ, ಟೀ ಚೆಲ್ಲುತ್ತೆ ಕಣೇ" ಎಂದು ಬೈಯುತ್ತಲೇ ಎಷ್ಟು ಚುರುಕಾದರು ಗೊತ್ತಾ? ಪರೀಕ್ಷಕರೂ ಎಡ ಎಂಜಿನ್ನನ್ನೇ ನಿಲ್ಲಿಸಿದರಂತೆ. ಇವರ ಕೈ ತಾನಾಗಿಯೇ ಹೋಯಿತಂತೆ.

ನಿನ್ನೆ ಹೊಸ ಕಪಾಟು ಬಂತೆಂದು ಟೇಬಲ್ ಜರುಗಿಸಿದೆವು. ಅಲ್ಲಿಯತನಕ ಕುರ್ಚಿಯ ಬಲಕ್ಕೆ ಗೋಡೆಯಿತ್ತು. ಅಪ್ಪಾ, ಮೂರು ತಿಂಗಳೂ ನಾನು ಕುರ್ಚಿಯನ್ನು ಎಡಕ್ಕೆ ಮಾತ್ರ ತಿರುಗಿಸಿದ್ದೆ. ನಿನ್ನೆ ತಮಾಷೆಗೆಂದು ಬಲಕ್ಕೆ ತಿರುಗಿಸಿದೆ. ಕಾಲು ಸರಿಯಾಗಿಯೇ ಒತ್ತಿತು. ಕೈ ಮಾತ್ರ ಎಡ ಚಮಚವನ್ನೇ ಎಳೆಯಿತು, ಅಂದರೆ ನಡೆಯುತ್ತಿದ್ದ ಎಂಜಿನ್ನನ್ನು. ಇವರು ಕಣ್ಣು ಬಿಟ್ಟು ಚಮಚವನ್ನು ನೋಡಿದರು, ನಗಲಿಲ್ಲ. ಇನ್ನೊಮ್ಮೆ ಅಂದರು. ಮತ್ತೆ ನಾಲ್ಕು ಸಲ ಬಲಕ್ಕೇ ತಿರುಗಿಸಿದೆ, ಮೂರು ಸಲ ಕೈ ಎಡಕ್ಕೇ ಹೋಯಿತು. ಆಮೇಲೆ ಚಮಚಗಳನ್ನು ತೊಳೆದಿಟ್ಟು, "ಅಡುಗೆಮನೆ ಬೇರೆ, ವಿಮಾನ ಬೇರೆ. ಯಾರಿಗೂ ಹೇಳ್ಬೇಡ" ಅಂದರು. ಇವತ್ತು ಬೆಳಿಗ್ಗೆ ಷೂ ಪಾಲಿಶ್ ಮಾಡಿಕೊಂಡು, ಹೊಸ ಡ್ಯೂಟಿಗೆಂದು ನಿಮ್ಮೂರಿಗೆ ಹೊರಟರು. ನಾನು ಬಾಗಿಲಲ್ಲಿ ಕೈ ಬೀಸಿದೆ, ನಕ್ಕೆ ಕೂಡ.

ಅಮ್ಮನಿಗೆ ನೂರು ಮುತ್ತು. ನಿಮ್ಮ ಕಾಲಿಗೆ ಬಿದ್ದೆ ಎಂದುಕೊಳ್ಳಿ.

ನಿಮ್ಮ
ಬಾಯಿಬಡುಕಿ

ತಾ.ಕ.: ಶುಕ್ರವಾರ ನಿಮ್ಮೂರಿನಿಂದಲೇ ಇವರ ಮೊದಲ ಹಾರಾಟ, ಎಂಟು ಪ್ರಯಾಣಿಕರು. ಅದರಲ್ಲಿ ನಿಮಗೂ ಸೀಟು ಇಡಿಸಿದ್ದಾರೆ, ಮಾವನಿಗೆ ಖುಷಿಯಾಗಲೆಂದು. ಹತ್ತಬೇಡಿ. ಮಂಡಿನೋವು ಅನ್ನಿ, ಏನಾದರೂ ಅನ್ನಿ. ಆದರೆ ಉಳಿದ ಏಳು ಜನರಿಗೆ ನೆಪ ಹೇಳಿಕೊಡುವವರು ಯಾರು, ಇವರನ್ನು ತಡೆಯುವವರು ಯಾರು? ಅಲ್ಲಿನ ಮುಖ್ಯ ಪೈಲಟ್‌ಗೆ ನಾನೇ ಹೇಳುತ್ತೇನೆ. ಗಂಡನ ಕೆಲಸಕ್ಕೆ ಕಲ್ಲು ಹಾಕಿದವಳು ಅನ್ನಿಸಿಕೊಂಡರೂ ಸರಿ. ನಾನು ಹೊರಟು ಬರುತ್ತೇನೆ, ಸ್ಟೇಷನ್ನಿಗೆ ಬನ್ನಿ, ಇವರಿಗೆ ತಿಳಿಸಬೇಡಿ. ಗುರುವಾರ, ಬೆಳಗಿನ ಎಂಟೂವರೆಯ ಪ್ಯಾಸೆಂಜರ್.