ನಿನ್ನ ಪ್ರಸ್ತಾವನೆ ಓದಿದೆ, ಶಿರೀ

ಗೌರಿಬಿದನೂರು
೧೬ ಫೆಬ್ರುವರಿ ೨೦೨೫, ಭಾನುವಾರ

ಪ್ರೀತಿಯ ಶಿರೀ,

ನಿನ್ನನ್ನು ಹೀಗೆ ಕರೆದು ಐದು ತಿಂಗಳಾಯಿತು. ಫೋನ್ ಮಾಡೋಣ ಅಂತ ಎರಡು ಸಲ ನಂಬರು ಒತ್ತಿ ಕಟ್ ಮಾಡಿದೆ. ಫೋನಾದರೆ ನಾವಿಬ್ಬರೂ ಎರಡನೇ ಮಾತಿಗೇ ಜಗಳಕ್ಕೆ ಬೀಳುತ್ತೇವೆ. ಕಾಗದದಲ್ಲಾದರೆ ಒಬ್ಬರು ಮುಗಿಸುವವರೆಗೆ ಇನ್ನೊಬ್ಬರು ಕಾಯಲೇಬೇಕಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಸಂಕ್ರಾಂತಿ ಕಳೆದ ವಾರ ನೀನು ಕೆಂಚಾರ್ಲಹಳ್ಳಿಯಿಂದ ಬಸ್ಸಿನ ಮೇಲೆ ಬಸ್ಸು ಹತ್ತಿ ನಮ್ಮ ಮನೆಗೆ ಬಂದೆ. ಭಾನು ಮನೆಯಲ್ಲಿಲ್ಲ ಅಂತ ಅಮ್ಮ ಹೇಳಿದಳು. ಇದ್ದೆ. ಹಿಂದಿನ ಕೋಣೆಯಲ್ಲಿ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದೆ. ನನ್ನ ಚಪ್ಪಲಿ ಬಾಗಿಲಲ್ಲೇ ಬಿದ್ದಿದ್ದವು, ನೀನು ನೋಡದೆ ಇರುವವಳಲ್ಲ. ಆದರೂ ಏನೂ ಅನ್ನದೆ ಅಮ್ಮ ಕೊಟ್ಟ ಕಾಫಿ ಕುಡಿದು, ಅವಳ ಮಂಡಿನೋವು ವಿಚಾರಿಸಿ, ನಿನ್ನ ಪಿಎಚ್.ಡಿ. ಪ್ರಸ್ತಾವನೆಯ ನೀಲಿ ಫೈಲನ್ನು ಅವಳ ಕೈಗಿಟ್ಟೆ. "ಭಾನು ಓದದೆ ಇದನ್ನ ಎಲ್ಲಿಗೂ ಕೊಡಲ್ಲಮ್ಮ. ಅವಳಿಗೆ ಬೇಡ ಅನ್ನಿಸಿದ್ರೆ ಹರಿದು ಒಲೆಗೆ ಹಾಕ್ಲಿ" ಅಂತ ಹೇಳಿ ಹೊರಟೆ. ನೀನು ಬೀದಿ ತಿರುಗಿದ್ದೇ ತಡ, ಅಮ್ಮ ನನ್ನ ಮೇಲೆ ಬಿದ್ದಳು. "ಅಷ್ಟು ದೂರದಿಂದ ಬಂದಿದ್ದ ಮಗೂಗೆ ಮುಖ ತೋರಿಸ್ಲಿಲ್ವಲ್ಲ ಕಣೇ! ಡಿಗ್ರಿ ಓದಿದವರು ಹಿಂಗೇನಮ್ಮಾ ಮಾಡೋದು?"

ಫೈಲು ಒಂದು ವಾರ ಬೀರುವಿನ ಮೇಲೆ ಕೂತಿತ್ತು. ಆಮೇಲೆ ಮೂರು ಭಾನುವಾರ ಓದಿದೆ, ಪೆನ್ಸಿಲ್ ಹಿಡಿದೇ ಓದಿದೆ. ಚಿಕ್ಕಬಳ್ಳಾಪುರದ ಹಾಸ್ಟೆಲಿನಲ್ಲಿ ಮೂರು ವರ್ಷ ನಿನ್ನ ಬರವಣಿಗೆ ತಿದ್ದಿದವಳಿಗೆ ಪೆನ್ಸಿಲ್ ಇಲ್ಲದೆ ನಿನ್ನನ್ನು ಓದಲು ಬರುವುದಿಲ್ಲ. ಡಿಗ್ರಿ ಮುಗಿದ ವರ್ಷ ಅಪ್ಪ ಹೋದರು. ನೀನು ಎಂ.ಎ.ಗೆ ಹೋದೆ, ನಾನು ಕುಡುಮಲಕುಂಟೆಯ ಗಾರ್ಮೆಂಟ್ಸಿಗೆ ಹೋದೆ. ಅದಕ್ಕೆ ಯಾರ ಮೇಲೂ ನನಗೆ ದೂರಿಲ್ಲ. ಆದರೆ ನೀನು ಪಿಎಚ್.ಡಿ. ಮಾಡುತ್ತೇನೆ ಎಂದ ದಿನ ನನ್ನ ಎದೆಯಲ್ಲಿ ಸಣ್ಣಗೆ ಏನೋ ಚುಚ್ಚಿತು. ಅದನ್ನು ಇವತ್ತು ಬರೆದು ಬಿಡುತ್ತೇನೆ, ಹಗುರಾಗಲಿ.

ನಿನ್ನ ಮೊದಲನೇ ಪ್ರಸ್ತಾವನೆ ನೆನಪಿದೆಯಾ? 'ಗೌರಿಬಿದನೂರು ತಾಲ್ಲೂಕಿನ ಮಹಿಳಾ ಕಾರ್ಮಿಕರ ಸಮಸ್ಯೆಗಳು: ಒಂದು ಅಧ್ಯಯನ.' ನಲವತ್ತೆರಡು ಪ್ರಶ್ನೆಗಳ ಫಾರಂ ಮಾಡಿ, ನಮ್ಮ ಹೊಲಿಗೆ ಲೈನಿನ ಇಪ್ಪತ್ತು ಜನರ ಕೈಲಿ ತುಂಬಿಸಿಕೊಡು ಎಂದಿದ್ದೆ. 'ನಿಮ್ಮ ಕೆಲಸದ ವಾತಾವರಣ ತೃಪ್ತಿಕರವಾಗಿದೆಯೇ?' ಇಪ್ಪತ್ತು ಜನವೂ ಹೌದು ಅಂತ ಗುರುತು ಹಾಕಿದರು. ಇಪ್ಪತ್ತು ವರ್ಷದಿಂದ ಮಿಷನ್ ತುಳಿಯುತ್ತಿರುವ ಆದಿಲಕ್ಷ್ಮಮ್ಮ ಫಾರಂ ತಿರುಗಿಸಿ ಮುರುಗಿಸಿ ನೋಡಿ, "ಯಾರು ಓದ್ತಾರೋ ಏನೋ, ಹೌದು ಅಂತಲೇ ಹಾಕ್ಬಿಡಮ್ಮ. ಯಾಕೆ ಬೇಕು" ಎಂದಿದ್ದಳು.

ವಿಶ್ವವಿದ್ಯಾಲಯದ ಸಮಿತಿಯವರು ಅದನ್ನು ಹತ್ತು ನಿಮಿಷದಲ್ಲಿ ವಾಪಸ್ ಕಳಿಸಿದರು. ನಾನು ಕೆಲಸ ಮುಗಿಸಿ ಬಸ್ಸಿನಲ್ಲಿದ್ದಾಗ ನೀನು ಅಳುತ್ತಾ ಫೋನ್ ಮಾಡಿದೆ. ನಿನ್ನ ಗೈಡ್ ಜ್ಯೋತಿಲಕ್ಷ್ಮಿ ಮೇಡಂ ಹೊರಗೆ ಬಂದು, "ಸಮಸ್ಯೆಗಳು ಇವೆ ಅಂತ ಎಲ್ಲರಿಗೂ ಗೊತ್ತು. ನಿನಗೆ ನಿಜವಾಗ್ಲೂ ಗೊತ್ತಿಲ್ದೆ ಇರೋದು ಯಾವುದು? ಅದನ್ನ ಒಂದು ವಾಕ್ಯದಲ್ಲಿ ಬರ್ಕೊಂಡು ಬಾ. ಆಮೇಲೆ ಮಾತಾಡಣ" ಎಂದರಂತೆ. ಆ ಒಂದು ವಾಕ್ಯ ನಿನಗೆ ಹೊಳೆಯುತ್ತಿರಲಿಲ್ಲ. ಆಗ ನಾನು ಹೇಳಿದೆ, "ನಿನ್ನ ನಲವತ್ತೆರಡರಲ್ಲಿ ಒಂದನ್ನೂ ನಾವು ಒಬ್ಬರನ್ನೊಬ್ಬರು ಕೇಳ್ಕೊಳ್ಳಲ್ಲ ಕಣೇ."

"ಮತ್ತೇನು ಕೇಳ್ಕೋತೀರ?"

"ನೀರು ಕುಡಿದ್ಯಾ ಅಂತ."

ನಾನು ವಿವರಿಸಿದೆ. ನೀರು ಕುಡಿದರೆ ಟಾಯ್ಲೆಟ್ಟಿಗೆ ಎದ್ದು ಹೋಗಬೇಕು. ಎದ್ದರೆ ಮಿಷನ್ ನಿಲ್ಲುತ್ತದೆ, ಗಂಟೆಯ ಟಾರ್ಗೆಟ್ ತಪ್ಪುತ್ತದೆ, ಪಕ್ಕದವಳ ಮುಂದೆ ಬಟ್ಟೆ ರಾಶಿ ಬೀಳುತ್ತದೆ. ಹಾಗಾಗಿ ಯಾವಾಗ ಕುಡಿಯಬೇಕು, ಎಷ್ಟು ಗುಟುಕು, ಯಾವ ದಿನ ಬೇಡವೇ ಬೇಡ, ಇದೆಲ್ಲ ನಮ್ಮ ನಮ್ಮಲ್ಲೇ ಒಂದು ಲೆಕ್ಕಾಚಾರ. ಯಾರೂ ಹೇಳಿಕೊಟ್ಟಿದ್ದಲ್ಲ. ಹೊಸದಾಗಿ ಸೇರಿದ ಹುಡುಗಿ ಹದಿನೈದು ದಿನದಲ್ಲಿ ತಾನಾಗಿ ಕಲಿಯುತ್ತಾಳೆ. ಅವಳು ಕಲಿಯುವುದು ಹೇಗೆ ಅಂತ ಮಾತ್ರ ನನಗೂ ಗೊತ್ತಿಲ್ಲ.

"ಭಾನೂ! ಅದೇ! ಅದೇ ಕಣೇ!" ಅಂತ ನೀನು ಕೂಗಿಕೊಂಡಿದ್ದು ಬಸ್ಸಿನಲ್ಲಿದ್ದವರಿಗೆಲ್ಲ ಕೇಳಿಸಿತ್ತು.

ಆಮೇಲಿನ ಎರಡು ತಿಂಗಳು ನಾವು ಹೇಗಿದ್ದೆವು! ಸಂಜೆ ಬಸ್ಸಿಳಿದು ಮನೆಗೆ ನಡೆಯುವ ಅರ್ಧ ಗಂಟೆ ಫೋನು ಕಿವಿಯಲ್ಲೇ. ತಾಲ್ಲೂಕು ಬೇಡ, ಒಂದು ಕೈಗಾರಿಕಾ ಪ್ರದೇಶ ಸಾಕು. ಎಲ್ಲ ಕಾರ್ಮಿಕರೂ ಬೇಡ, ಹೊಲಿಗೆ ಲೈನಿನವರು ಸಾಕು. ನೀನು ಒಂದು ವಾಕ್ಯ ಓದುವೆ, ನಾನು ಅದರಿಂದ ಎರಡು ಪದ ಕೀಳುವೆ. ದಿನಕ್ಕೆ ಆರುನೂರು ಅಂಗಿಗೆ ಕಾಲರ್ ಕೂಡಿಸಿ ಬಂದವಳಿಗೆ ಆ ಅರ್ಧ ಗಂಟೆಯಲ್ಲಿ ತಲೆಯೊಳಗೆ ದೀಪ ಹಚ್ಚಿದ ಹಾಗಾಗುತ್ತಿತ್ತು. ಇದನ್ನು ನಿನಗೆ ಆಗ ಹೇಳಲಿಲ್ಲ.

ಆಗಸ್ಟ್ ತಿಂಗಳಲ್ಲಿ ನಾನು ಲೈನಿನಲ್ಲೇ ಬಿದ್ದೆ. ಸೋಂಕು ಮೂತ್ರಪಿಂಡದವರೆಗೂ ಏರಿದೆ ಎಂದರು ಡಾಕ್ಟರು. ನಾಲ್ಕು ದಿನ ಆಸ್ಪತ್ರೆಯಲ್ಲಿ ನನ್ನ ಪಕ್ಕ ಇದ್ದವಳು ನೀನು. ಮಂಡಿನೋವಿನ ಅಮ್ಮನನ್ನು ಮನೆಗೆ ಕಳಿಸಿ, ನನ್ನ ತಲೆ ಬಾಚಿ ಜಡೆ ಹಾಕಿದೆ. ಅರ್ಧ ಗಂಟೆಗೊಂದು ಲೋಟ ನೀರು ಹಿಡಿದು, "ಕುಡಿಯಮ್ಮ, ಇಲ್ಲಿ ಟಾರ್ಗೆಟ್ ಇಲ್ಲ" ಎಂದು ನಗಿಸಿದೆ. ಅದಾದ ಮೇಲೆ, ಸೆಪ್ಟೆಂಬರಿನಲ್ಲಿ, ಎರಡನೇ ಪ್ರಸ್ತಾವನೆ ಸಲ್ಲಿಸಿದೆ. ಅದರ ನಾಲ್ಕನೇ ಪುಟದಲ್ಲಿ, ನನ್ನನ್ನು ಒಂದು ಮಾತು ಕೇಳದೆ, ಹೀಗೆ ಬರೆದೆ: 'ಮೂರನೇ ಲೈನಿನಲ್ಲಿ ಕಾಲರ್ ಕೂಡಿಸುವ ಇಪ್ಪತ್ತೆಂಟು ವರ್ಷದ ಪದವೀಧರೆಯೊಬ್ಬರು ಆಗಸ್ಟ್‌ನಲ್ಲಿ ಪ್ರಜ್ಞೆ ತಪ್ಪಿ ಬಿದ್ದರು.'

ಹೆಸರು ಬರೆದಿರಲಿಲ್ಲ, ನಿಜ. ಆದರೆ ಮೂರನೇ ಲೈನಿನಲ್ಲಿ ಪದವೀಧರೆ ಅಂತ ಇದ್ದವಳು ನಾನೊಬ್ಬಳೇ.

ಆ ಪುಟದ ಫೋಟೊ ನಮ್ಮ ಫ್ಯಾಕ್ಟರಿ ಆಫೀಸಿನವರ ಮೊಬೈಲಿಗೆ ಬಂತು. ಕರೆಸಿದರು. ಸೂಪರ್‌ವೈಸರ್ ರವಿಚಂದ್ರ ತಲೆ ಎತ್ತದೆ ನಿಂತಿದ್ದ. "ಇದು ನೀವೇನಾ?" ಎಂದು ಆಫೀಸಿನವರು ಕೇಳಿದರು. ನಾನು ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಮಾರನೇ ದಿನದಿಂದ ನನ್ನನ್ನು ಮಿಷನ್ನಿನಿಂದ ಎಬ್ಬಿಸಿ, ಹೊಲಿದ ಬಟ್ಟೆಯ ದಾರದ ತುದಿ ಕತ್ತರಿಸುವ ಮೇಜಿಗೆ ಹಾಕಿದರು. ದಿನವಿಡೀ ನಿಂತೇ ಮಾಡುವ ಕೆಲಸ. ಆರು ವರ್ಷ ಕಲಿತ ಕೈ ಅಲ್ಲಿ ಯಾವ ಉಪಯೋಗಕ್ಕೂ ಇಲ್ಲ. ಅವತ್ತು ಸಂಜೆಯೇ ನಿನ್ನ ಮೇಲೆ ಕಿರುಚಿದೆ. "ನಿಂಗೆ ಡಾಕ್ಟರೇಟು, ನಂಗೆ ದಾರದ ಚೂರು! ನನ್ನ ಕಾಯಿಲೇನ ಹಾಳೆ ಮೇಲೆ ಹಾಕಿ ಮಾರ್ಕ್ಸ್ ತಗೋತೀಯಾ?" ನೀನು ಅಳುತ್ತಿದ್ದೆ, ನಾನು ಕಟ್ ಮಾಡಿದೆ.

ಮುಂದಿನದು ನಿನ್ನ ಫೈಲಿನ ಮೊದಲ ಹಾಳೆಯಿಂದಲೇ ನನಗೆ ತಿಳಿದದ್ದು. ಸಮಿತಿ ಆ ಪ್ರಸ್ತಾವನೆಯನ್ನು ಮೆಚ್ಚಿತ್ತಂತೆ. ಮೆಚ್ಚಿದ ಮೇಲೂ ನೀನೇ ಹೋಗಿ ವಾಪಸ್ ತೆಗೆದುಕೊಂಡೆಯಂತೆ. ಒಂದು ವರ್ಷ ಹೋಗುತ್ತದೆ ಎಂದು ಎಲ್ಲರೂ ಹೇಳಿದರೂ ಕೇಳಲಿಲ್ಲವಂತೆ. ಮೇಡಂ ಮಾತ್ರ, "ನಿನ್ನ ಸಂಶೋಧನೆ ಈಗ ಶುರುವಾಯ್ತು" ಎಂದರಂತೆ. ಪುಟವನ್ನು ಯಾರು ಹೊರಗೆ ಬಿಟ್ಟರು ಅಂತ ವಿಭಾಗದಲ್ಲೆಲ್ಲ ವಿಚಾರಿಸಿದೆ, ತಿಳಿಯಲಿಲ್ಲ ಎಂದೂ ಬರೆದಿದ್ದೀಯ. ಅದು ಈಗ ಬೇಡ.

ಈಗ ಮೂರನೇ ಪ್ರಸ್ತಾವನೆಯ ಮಾತು. ತಿದ್ದಿದ ಪ್ರತಿ ಇದರ ಜೊತೆ ಇದೆ. ಪೆನ್ಸಿಲ್ ಗುರುತು ನೋಡಿ ಹೆದರಬೇಡ.

ಶೀರ್ಷಿಕೆ ಚೆನ್ನಾಗಿದೆ. ಪ್ರಶ್ನೆ ಇನ್ನೂ ಚೆನ್ನಾಗಿದೆ. ಆದರೆ ಏಳು ಉದ್ದೇಶಗಳು ಯಾಕೆ? ಮೂರು ವರ್ಷದಲ್ಲಿ ಒಬ್ಬಳು ಮಾಡಿ ಮುಗಿಸಬಹುದಾದ್ದು ಎರಡೇ ಎರಡು. ಉಳಿದ ಐದು ಸಮಿತಿಯವರ ಕಣ್ಣಿಗೆ ದೊಡ್ಡದಾಗಿ ಕಾಣಲಿ ಅಂತ ಹಾಕಿದ್ದೀಯ, ಹೊಡೆದು ಹಾಕಿದೆ. ಹಿಂದಿನವರು ಏನೇನು ಬರೆದಿದ್ದಾರೆ ಎಂದು ಹನ್ನೊಂದು ಪುಟ ಬರೆದಿದ್ದೀಯಲ್ಲ, ಅದನ್ನು ಓದುವಾಗ ಹಾಸ್ಟೆಲಿನ ಶಿರೀಷಾ ಕಂಡಳು. ಹೆದರಿಕೆ ಆದಾಗೆಲ್ಲ ಪುಸ್ತಕದ ಹಿಂದೆ ಅಡಗುವವಳು. ಅವರೆಲ್ಲ ಎಲ್ಲಿಗೆ ಬಂದು ನಿಲ್ಲಿಸಿದರು, ನೀನು ಎಲ್ಲಿಂದ ಹೊರಡುತ್ತೀಯ, ಅಷ್ಟು ಹೇಳಿದರೆ ನಾಲ್ಕು ಪುಟ ಸಾಕು.

ಫ್ಯಾಕ್ಟರಿ ಗೇಟಿನಲ್ಲಿ ಸಂದರ್ಶನ ಮಾಡುತ್ತೇನೆ ಎಂದಿದ್ದೀಯ. ಯಾರೂ ನಿಲ್ಲುವುದಿಲ್ಲ, ಬಸ್ಸು ಹೋಗಿಬಿಡುತ್ತದೆ. ನಿಂತರೂ ಗೇಟಿನ ಮುಂದೆ ಯಾರು ಬಾಯಿ ಬಿಡುತ್ತಾರೆ? ಭಾನುವಾರ ಬಟ್ಟೆ ಒಗೆಯುವಾಗ ಬಾ, ನೀನೂ ಎರಡು ಬಕೆಟ್ ಒಗಿ. ಮಾತು ತಾನಾಗಿ ಬರುತ್ತದೆ. ಒಬ್ಬೊಬ್ಬರ ಹತ್ತಿರ ನಾಲ್ಕು ಸಲವಾದರೂ ಹೋಗಬೇಕು, ಅದಕ್ಕೆ ತಕ್ಕ ಹಾಗೆ ತಿಂಗಳುಗಳ ಪಟ್ಟಿಯನ್ನು ಹಿಗ್ಗಿಸು.

'ಭಾಗವಹಿಸುವವರ ಹೆಸರು ಬದಲಿಸಲಾಗುವುದು' ಎಂದು ಒಂದೇ ಸಾಲು ಬರೆದಿದ್ದೀಯ. ಅಲ್ಲಿ ಪೆನ್ಸಿಲ್ ಒತ್ತಿ ಹಾಳೆ ಹರಿದಿದೆ, ಕ್ಷಮಿಸು. ನಮ್ಮನ್ನು ಗುರುತು ಹಿಡಿಯುವುದು ಹೆಸರಿನಿಂದಲ್ಲ ಕಣೇ. ಲೈನಿನ ನಂಬರಿನಿಂದ, ಮಾಡುವ ಕೆಲಸದಿಂದ, ಊರಿನಿಂದ, ಕಾಯಿಲೆ ಬಿದ್ದ ತಿಂಗಳಿನಿಂದ. ಅದೆಲ್ಲವನ್ನೂ ಬದಲಿಸುತ್ತೇನೆ ಎಂದು ಬರೆ. ಬರೆದಿದ್ದನ್ನು ಅವರಿಗೇ ಓದಿ ಹೇಳುತ್ತೇನೆ ಎಂದು ಬರೆ. ಬೇಡ ಎಂದರೆ, ಎಷ್ಟು ಒಳ್ಳೆಯ ಮಾತಾಗಿದ್ದರೂ ತೆಗೆಯುತ್ತೇನೆ ಎಂದೂ ಬರೆ.

ಇನ್ನೊಂದು. ನಿನ್ನ ಪ್ರಸ್ತಾವನೆಯಲ್ಲಿ ನಾವೆಲ್ಲ ನೀರು ಕುಡಿಯದವರೇ. ಆದಿಲಕ್ಷ್ಮಮ್ಮ ಇಪ್ಪತ್ತು ವರ್ಷದಿಂದ ಬಾಯಾರಿದಾಗೆಲ್ಲ ಕುಡಿಯುತ್ತಾಳೆ, ಎದ್ದು ಹೋಗುತ್ತಾಳೆ, ಬರುತ್ತಾಳೆ. ಯಾರೂ ತುಟಿ ಬಿಚ್ಚುವುದಿಲ್ಲ. ನಾವು ಉಳಿದವರಿಗೆ ಆಗದ್ದು ಅವಳಿಗೆ ಹೇಗೆ ಸಾಧ್ಯವಾಯಿತು? ನೀನು ಅಂದುಕೊಂಡಿದ್ದಕ್ಕೆ ಒಗ್ಗದವರನ್ನೂ ಒಳಗೆ ಸೇರಿಸಿಕೋ. ಸಮಿತಿಯವರು ಕೇಳುವ ಮೊದಲೇ ನೀನು ಕೇಳಿಕೊಂಡಿದ್ದೀಯ ಎಂದು ತೋರಬೇಕು.

ನನ್ನ ವಿಷಯ ಕೇಳುತ್ತೀಯಲ್ಲ. ಡಿಸೆಂಬರಿನಲ್ಲಿ ಮತ್ತೆ ಮಿಷನ್ನಿಗೆ ಬಂದೆ. ನ್ಯಾಯ ಸಿಕ್ಕಿತು ಅಂತ ತಿಳಿಯಬೇಡ. ಕಾಲರ್ ಕೂಡಿಸುವ ಕೈ ಸಾಲದೆ ಬಂತು. ಆದಿಲಕ್ಷ್ಮಮ್ಮ ರವಿಚಂದ್ರನ ಎದುರು ನಿಂತು, "ಆ ಹುಡುಗೀನ ಮೇಜಿನ ಹತ್ರ ನಿಲ್ಸಿ ಕಾಲರ್ ಇಲ್ಲ ಅಂತ ಒದ್ದಾಡ್ತೀಯಲ್ಲಪ್ಪ, ಕರ್ಕೊಂಡು ಬಾ" ಎಂದಳು. ಅವನು ಬಂದು ಕರೆದ. ಆರೋಗ್ಯ ಚೆನ್ನಾಗಿದೆ. ಕಾಲಿನ ಹತ್ತಿರ ಒಂದು ಬಾಟಲಿ ಇಟ್ಟುಕೊಂಡಿದ್ದೇನೆ, ಸಂಜೆಯೊಳಗೆ ಖಾಲಿಯಾಗುತ್ತದೆ. ಬೈಸಿಕೊಳ್ಳುತ್ತೇನೆ, ಆದರೂ ಎದ್ದು ಹೋಗುತ್ತೇನೆ.

ಈ ಸಲ ನನ್ನ ಸಂಗತಿಯನ್ನು ಪೂರ್ತಿ ತೆಗೆದುಬಿಟ್ಟಿದ್ದೀಯ. ನಾಲ್ಕನೇ ಪುಟದಲ್ಲಿ ಆ ಜಾಗ ಹಾಗೇ ಖಾಲಿ ಬಿದ್ದಿದೆ. ಅದಕ್ಕೆ ಒಂದು ಪುಟ ನಾನೇ ಬರೆದಿದ್ದೇನೆ, ತಿದ್ದಿದ ಪ್ರತಿಯ ಹಿಂದೆ ಪಿನ್ ಮಾಡಿದ್ದೇನೆ. ಯಾರೂ ಗುರುತು ಹಿಡಿಯದ ಹಾಗೆ, ಆದರೆ ನಡೆದಿದ್ದು ನಡೆದ ಹಾಗೆ. ಕೆಳಗೆ ಒಪ್ಪಿಗೆ ಎಂದು ಸಹಿ ಮಾಡಿದ್ದೇನೆ. ನಿನಗೆ ಬೇಕಾದರೆ ಹಾಕಿಕೋ. ಮಾರ್ಚ್ ಹತ್ತಕ್ಕೆ ಸಮಿತಿ ಅಂತ ಫೈಲಿನಲ್ಲಿ ಬರೆದಿದ್ದೀಯಲ್ಲ, ಇನ್ನೂ ಮೂರು ವಾರ ಇದೆ. ಬರುವ ಭಾನುವಾರ ಬಾ. ಕೂತು ಒಂದೊಂದೇ ವಾಕ್ಯ ನೋಡೋಣ. ಅಮ್ಮ ಅವರೆಕಾಳು ಸಾರು, ಮುದ್ದೆ ಮಾಡುತ್ತಾಳಂತೆ. ನಾನೇ ಬಾಗಿಲು ತೆಗೆಯುತ್ತೇನೆ.

ನಿನ್ನ ಬರವಣಿಗೆಯನ್ನು ಇನ್ನೂ ತಿದ್ದಲು ಆಸೆಯಿರುವ,
ಭಾನುಪ್ರಿಯಾ

ತಾ.ಕ.: ಇಷ್ಟು ಬರೆದು ಕವರು ಅಂಟಿಸಲು ಹೊರಟವಳು ಮತ್ತೆ ಪೆನ್ನು ಹಿಡಿದೆ. ಸೆಪ್ಟೆಂಬರಿನಲ್ಲಿ ನೀನು ಅಂಚೆಯಲ್ಲಿ ಕಳಿಸಿದ ಎರಡನೇ ಪ್ರಸ್ತಾವನೆಯ ಪ್ರತಿ ನನಗೆ ತಲುಪಲೇ ಇಲ್ಲ ಎಂದು ಜಗಳದ ದಿನ ನಾನು ಹೇಳಿದ್ದೆ. ತಲುಪಿತ್ತು ಶಿರೀ. ಆ ಪುಟ ಓದಿದಾಗ ನನಗೆ ಸಿಟ್ಟು ಬರಲಿಲ್ಲ, ಹೆಮ್ಮೆಯಾಯಿತು. ನನ್ನ ಬಗ್ಗೆ ಅಚ್ಚಿನ ಅಕ್ಷರದಲ್ಲಿ ಯಾರೂ ಯಾವತ್ತೂ ಬರೆದಿರಲಿಲ್ಲ. ಊಟದ ಚೀಲದಲ್ಲಿಟ್ಟುಕೊಂಡು ಹೋಗಿ, 'ನನ್ನ ಗೆಳತಿ ಬರೆದಿರೋದು, ಇದು ನಾನೇ' ಎಂದು ಬೆರಳಿಟ್ಟು ಲೈನಿನವರಿಗೆಲ್ಲ ತೋರಿಸಿದೆ. ಒಬ್ಬಳು ಫೋಟೊ ತೆಗೆದಳು, ನಾನು ಬೇಡ ಎನ್ನಲಿಲ್ಲ. ನಿನ್ನ ವಿಭಾಗದಲ್ಲಿ ಯಾರೂ ತಪ್ಪು ಮಾಡಿಲ್ಲ. ನನ್ನನ್ನು ಕೇಳದೆ ಬರೆದದ್ದು ನಿನ್ನ ತಪ್ಪು. ಉಳಿದದ್ದೆಲ್ಲ ನನ್ನದು. ಅದನ್ನೂ ಐದು ತಿಂಗಳು ನಿನ್ನ ತಲೆಗೇ ಕಟ್ಟಿ ಸುಮ್ಮನಿದ್ದೆ. ನೀನು ಬಂದ ದಿನ ಹೊರಗೆ ಬರದೆ ಕೂತಿದ್ದು ಸಿಟ್ಟಿನಿಂದಲ್ಲ, ನಾಚಿಕೆಯಿಂದ. ಇದನ್ನು ಓದಿದ ಮೇಲೂ ಬರಬೇಕು ಅನ್ನಿಸಿದರೆ, ಬಾ.