ಬೆಣ್ಣೆ ಡಬ್ಬಿ, ಒಂದು ರಸ್ಕ್

ಬೇಕರಿಯ ಮೇಲಿನ ಮನೆ,
ಮಾರ್ಚ್ ೧೧, ಸೋಮವಾರ, ಅಂಗಡಿಗೆ ರಜೆ

ಪ್ರೀತಿಯ ಮಗನೇ,

ಹೇಗಿದ್ದೀಯಪ್ಪ? ಹಡಗಿನ ಯಂತ್ರದ ಕೋಣೆಯ ಸೆಕೆಗೆ ಬೆನ್ನ ಮೇಲೆ ಎದ್ದಿದ್ದ ಬೊಕ್ಕೆಗಳು ಇಳಿದವೇ? ನೀರು ಚೆನ್ನಾಗಿ ಕುಡಿ. ಜನ್ಮವೆಲ್ಲ ಒಲೆಯ ಮುಂದೆ ನಿಂತವನು ಹೇಳುತ್ತಿದ್ದೇನೆ, ಬಿಸಿಯಲ್ಲಿ ದುಡಿಯುವವನಿಗೆ ನೀರೇ ಮೊದಲ ಸಂಬಳ. ನಿಮ್ಮಮ್ಮನ ಮಂಡಿನೋವು ಇದ್ದ ಹಾಗೇ ಇದೆ. ಬಾಯಿಗೆ ಮಾತ್ರ ಯಾವ ನೋವೂ ಇಲ್ಲ, ದೇವರ ದಯೆ.

ಮೊನ್ನೆ ಫೋನಿನಲ್ಲಿ ನೀನು ಮನೆಯ ಸಮಾಚಾರ ಕೇಳಿದಾಗ ಎಲ್ಲರೂ ಸೇರಿ "ಏನೂ ಇಲ್ಲ" ಅಂದೆವು. ಆ ಏನೂ ಇಲ್ಲದ್ದಕ್ಕೆ ತಗುಲಿದ ಖರ್ಚನ್ನು ಮೊದಲು ಹೇಳಿಬಿಡುತ್ತೇನೆ. ಒಂದು ಹೊಸ ಫ್ರೀಜರ್. ಹಳೆಯ ಫ್ರೀಜರಿನ ಅಷ್ಟೂ ಬೆಣ್ಣೆ, ತಿಪ್ಪೆಗೆ. ಕೈಬಿಟ್ಟುಹೋದ ಗಿರಾಕಿಗಳು, ಅವರಲ್ಲಿ ತಪ್ಪದೆ ವಾರವಾರ ಕೇಕ್ ಒಯ್ಯುತ್ತಿದ್ದ ಟೀಚರಮ್ಮ. ಒಲೆ ನೋಡಿಕೊಳ್ಳುವ ನಮ್ಮ ಒಲೆಯಣ್ಣನ ಒಂದು ಹೊತ್ತಿನ ಊಟ, ಅದು ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಜೊತೆಗೆ ನನ್ನ ಮರ್ಯಾದೆ, ಅದು ಬಿಡು, ಹಳೇ ಸ್ಟಾಕು. ಇಷ್ಟಕ್ಕೂ ಕಾರಣ ನಿನ್ನ ಮಗನ ಕಕ್ಕ. ನಗಬೇಡ, ಮುಂದೆ ಓದು.

ನಿನ್ನ ಮಗಳು, ನಮ್ಮ ದೊಡ್ಡವಳಿಗೆ ನಾಲ್ಕನೇ ವಯಸ್ಸಿಗೇ ಸಕ್ಕರೆ ಕಾಯಿಲೆ ಬಂತಲ್ಲ, ಅಂಥ ಮಕ್ಕಳ ತಮ್ಮ ತಂಗಿಯರ ಬಗ್ಗೆ ಆಸ್ಪತ್ರೆಯವರು ಒಂದು ಸಂಶೋಧನೆ ನಡೆಸುತ್ತಿದ್ದಾರೆ. ಹಸುಗೂಸು ಏನು ತಿನ್ನುತ್ತದೆ, ಅದರ ಕರುಳಿನಲ್ಲಿ ಎಂಥೆಂಥ ಬ್ಯಾಕ್ಟೀರಿಯಾ ಬೀಡುಬಿಡುತ್ತವೆ, ಮುಂದೆ ಆ ಮಗುವಿಗೂ ಈ ಕಾಯಿಲೆ ಬರುವುದಕ್ಕೂ ಇವಕ್ಕೂ ನಂಟಿದೆಯೇ ಅಂತ ನೋಡುತ್ತಾರಂತೆ. ನಿನ್ನ ಹೆಂಡತಿ ಗುಂಡನ ಹೆಸರು ಬರೆಸಿ ಬಂದಳು. ತಿಂಗಳಿಗೊಮ್ಮೆ ಅವನ ಕಕ್ಕವನ್ನು ಚಿಟಿಕೆಯಷ್ಟು ಪುಟ್ಟ ಬಾಟಲಿಗೆ ಹಾಕಿ, ಸಿಸ್ಟರ್ ಬಂದು ಒಯ್ಯುವವರೆಗೆ ಫ್ರೀಜರಿನಲ್ಲಿಡಬೇಕು. ಮನೆಯ ಫ್ರಿಜ್ಜಿನಲ್ಲಿ ದೊಡ್ಡವಳ ಇನ್ಸುಲಿನ್ ಇರುತ್ತದೆ, ಅದರ ಪಕ್ಕ ಇದನ್ನಿಡಲು ಇವಳಿಗೆ ಮನಸ್ಸು ಬರಲಿಲ್ಲ. ಹಾಗಂತ ನನ್ನನ್ನು ಕೇಳಿದರೆ ನಾನು ಕುಣಿದಾಡುತ್ತೇನೆ ಅಂತ ಗೊತ್ತು. ಬಾಟಲಿಗಳನ್ನು ಖಾಲಿ ಬೆಣ್ಣೆ ಡಬ್ಬಿಯಲ್ಲಿ ಹಾಕಿ, ಮುಚ್ಚಳ ಬಿಗಿದು, ಬೇಕರಿಯ ಫ್ರೀಜರಿನ ತಳದಲ್ಲಿ ಬಚ್ಚಿಟ್ಟಳು. ಬೇಕರಿ ಮನೆಯ ಸೊಸೆಗಲ್ಲದೆ ಬೇರೆ ಯಾರಿಗೆ ಹೊಳೆದೀತು ಈ ಜಾಗ!

ಹೋದ ತಿಂಗಳು ಒಂದು ಶನಿವಾರ ಸಂಜೆ, ಅಂಗಡಿ ತುಂಬ ಜನ. ಒಲೆಯಣ್ಣನಿಗೆ ಬೆಣ್ಣೆ ಸಾಲದೆ ಬಂತು, ಡಬ್ಬಿ ಎತ್ತಿದ, ಮುಚ್ಚಳ ತೆಗೆದ. ಹೆಸರು, ತಾರೀಕು ಬರೆದ ಬಾಟಲಿ ಕಂಡು ಇದ್ಯಾವ ಹೊಸ ಈಸ್ಟ್ ಅಂತ ಒಂದನ್ನು ಬಿರಡೆ ಬಿಚ್ಚಿ, ಅಂಗೈಯಲ್ಲಿ ಬೆಚ್ಚಗೆ ಮಾಡಿ ಮೂಸಿದನಂತೆ. "ಯಜಮಾನ್ರೇ, ಇದು ಈಸ್ಟ್ ಅಲ್ಲ, ಗುಂಡಪ್ಪ!" ಅಂತ ಕೂಗಿದ್ದು ಬೀದಿಯ ಆ ತುದಿಗೆ ಕೇಳಿಸಿತು. ಗಲ್ಲಾದ ಮುಂದೆ ಟೀಚರಮ್ಮ ನಿಂತಿದ್ದರು. ಆಮೇಲಿನದು ನೀನೇ ಊಹಿಸು. ಊರ ಬಾಯಿಗೆ ಮುಚ್ಚಳ ಯಾವ ಡಬ್ಬಿಯವರೂ ಮಾಡಿಲ್ಲ.

ನಾನು ಸಿಟ್ಟಿನಲ್ಲಿ ಮೇಲೆ ಬಂದು ಬಾಯಿ ತೆರೆಯಬೇಕು, ನೋಡಿದರೆ ಬಾಟಲಿ ಒಯ್ಯುವ ಸಿಸ್ಟರ್ ಅಲ್ಲೇ ಕೂತಿದ್ದಳು. ಅವಳಿಗೆ ನನ್ನ ಬೆಣ್ಣೆಯ ಗೋಜು ಬೇಕಿರಲಿಲ್ಲ. ಮಗು ತಿಂದದ್ದನ್ನೆಲ್ಲ ಬರೆಯಲು ಕೊಟ್ಟಿದ್ದ ಪುಸ್ತಕ ತಿರುವುತ್ತಿದ್ದಳು. ಪುಟದ ಮೇಲೆ ಪುಟ ಒಂದೇ ಮಾತು, ತಾಯಿಹಾಲು. "ಎಂಟು ತಿಂಗಳ ಮಗು, ಬೇರೇನೂ ಕೊಟ್ಟೇ ಇಲ್ವಾ?" ಅಂದಳು. ನಿನ್ನ ಹೆಂಡತಿ ತಲೆ ತಗ್ಗಿಸಿದಳು. ನನ್ನ ಕಣ್ಣಿಗೆ ಆಗ ಬಿತ್ತು ನೋಡು, ಹೆಸರಿಗೆ ಗುಂಡ, ಕೈ ನೋಡಿದರೆ ಬ್ರೆಡ್ ಕಡ್ಡಿ. ಮೂರು ಹೊತ್ತೂ ಎತ್ತಿ ಆಡಿಸುವವನು ನಾನೇ, ಹಿಟ್ಟಿನ ಉಂಡೆ ಒಂದು ಗ್ರಾಂ ಕಡಿಮೆಯಾದರೆ ಕೈಯಲ್ಲೇ ಹೇಳುವವನು, ಇದನ್ನು ಹೇಳಲಿಲ್ಲ.

ನೀನು ಅವಳಿಗೆ ಬರೆದಿದ್ದ ಕಾಗದ ಅವತ್ತು ನನ್ನ ಕೈಗೆ ಬಂತು. ಗೋಧಿ ಬೇಡ, ಬಿಸ್ಕತ್ತು ಬೇಡ, ರಸ್ಕ್ ಬೇಡ, ಎರಡು ವರ್ಷ ತುಂಬುವವರೆಗೆ ಎದೆಹಾಲು ಬಿಟ್ಟು ಏನೂ ಬೇಡ, ರಸ್ಕ್ ಅಂತೂ ಬೇಡವೇ ಬೇಡ, ಅಪ್ಪ ಪ್ರೀತಿಯಿಂದ ರಸ್ಕ್ ಕೊಡಲು ಬಂದರೂ ಬಿಡಬೇಡ. ಸೊಸೆಯನ್ನು ಗದರಿದೆ. ಅವಳು, "ಅವರು ಅಷ್ಟು ದೂರದಿಂದ ಕೇಳಿಕೊಂಡಿರೋದು ಇದೊಂದೇ ಮಾವ. ಇದನ್ನೂ ಮೀರಲಾ?" ಅಂದಳು. ಕಾಗದ ಮಡಚಿ ಜೇಬಿಗಿಟ್ಟುಕೊಂಡೆ.

ಸೋಮವಾರ ಅಂಗಡಿಗೆ ರಜೆಯಲ್ಲವೇ, ನಾನು, ನಿಮ್ಮಮ್ಮ, ನಿನ್ನ ಹೆಂಡತಿ ಮೂವರೂ ಗುಂಡನನ್ನು ಎತ್ತಿಕೊಂಡು ಆಸ್ಪತ್ರೆಗೆ ಹೋದೆವು. ಉದ್ದ ಕಾರಿಡಾರು, ಗೋಡೆಗೆ ಆನೆ ಜಿರಾಫೆ ಚಿತ್ರ, ತಕ್ಕಡಿಯ ಮೇಲೆ ಬಟ್ಟೆ ಹಾಸಿ ಅವನನ್ನು ಮಲಗಿಸಿದರು. ಡಾಕ್ಟರಮ್ಮ ರಕ್ತ ನೋಡಿ ಕಬ್ಬಿಣದ ಅಂಶ ಕಡಿಮೆಯಾಗಿದೆ ಅಂದರು. ಆರು ತಿಂಗಳು ದಾಟಿದ ಮೇಲೆ ಬರೀ ಹಾಲು ಸಾಲದಂತೆ. ಹಾಲೂ ಇರಲಿ, ಜೊತೆಗೆ ಕಾಳು, ತರಕಾರಿ, ಮೊಟ್ಟೆ, ಗೋಧಿ ಎಲ್ಲದರ ರುಚಿಯೂ ಬಾಯಿಗೆ ಬೀಳಲಿ ಅಂದರು. ತೀರಾ ಎಳೆಯ ತಿಂಗಳಲ್ಲಿ ಧಾನ್ಯ ತಿನ್ನಿಸುವುದು ಒಳ್ಳೆಯದಲ್ಲ, ಆದರೆ ಹೆದರಿ ತಡಮಾಡಿದರೆ ಕಾಯಿಲೆ ತಪ್ಪುತ್ತದೆ ಅನ್ನುವುದಕ್ಕೂ ಆಧಾರವಿಲ್ಲವಂತೆ. ಇನ್ನೊಂದು ಸಂಗತಿ ಹೇಳಿದರು, ನನಗೆ ಬಹಳ ಹಿಡಿಸಿತು. ತಾಯಿಹಾಲಿನಲ್ಲಿ ಮಗುವಿಗೇ ಜೀರ್ಣವಾಗದ ಒಂದು ಬಗೆಯ ಸಕ್ಕರೆ ಇದೆಯಂತೆ. ಅದು ಮಗುವಿನ ಪಾಲಲ್ಲ, ಅದರ ಕರುಳಿನಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾಗಳ ಪಾಲು. ನೋಡು, ಗಿರಾಕಿಯ ಜೊತೆಗೆ ಸುಮ್ಮನೆ ಬಂದವನಿಗೆ ನಾನು ಈ ಜನ್ಮದಲ್ಲಿ ಪುಕ್ಕಟೆ ಬನ್ ಕೊಟ್ಟವನಲ್ಲ. ತಾಯಂದಿರು ಕೊಡುತ್ತಾರೆ.

ನನಗೆ ಉತ್ಸಾಹ ಬಂತು. ಇದು ನಮ್ಮ ಬ್ರೆಡ್ಡಿನ ಹುಳಿಹಿಟ್ಟಿನ ಹಾಗೇ ಅಲ್ಲವೇ, ದಿನಾ ಸರಿಯಾಗಿ ಉಣಿಸಿದರೆ ಸರಿಯಾದದ್ದೇ ಬೆಳೆಯುತ್ತದೆ, ಇವನಿಗೆ ಕಾಯಿಲೆಯೇ ಬರದ ಹಾಗೆ ನಾನು ಉಣಿಸುತ್ತೇನೆ ಅಂದುಬಿಟ್ಟೆ. ಡಾಕ್ಟರಮ್ಮ ನಕ್ಕು, "ತಾತ, ನಿಮ್ಮ ಹಿಟ್ಟು ಕೆಟ್ಟರೆ ಚೆಲ್ಲಿ ಮತ್ತೆ ಕಲಸ್ತೀರಿ. ಇಲ್ಲಿ ಯಾವ ಬ್ಯಾಕ್ಟೀರಿಯಾ ಕಾಯಿಲೆ ತಡೆಯುತ್ತೆ, ಯಾವ ಊಟ ತರುತ್ತೆ ಅಂತ ನಮಗೇ ಇನ್ನೂ ಗೊತ್ತಿಲ್ಲ. ಅದಕ್ಕೇ ಬಾಟಲಿ ಕೇಳ್ತಿರೋದು" ಅಂದರು. ಅಣ್ಣ ಅಕ್ಕನಿಗೆ ಇದ್ದರೂ ಬಹುಪಾಲು ತಮ್ಮ ತಂಗಿಯರಿಗೆ ಬರುವುದಿಲ್ಲ ಅಂತಲೂ ಹೇಳಿದರು. ಗೊತ್ತಿಲ್ಲ ಅಂತ ಗಲ್ಲಾದ ಮೇಲೆ ಕೂತು ಹೇಳುವ ವ್ಯಾಪಾರಿಯನ್ನು ನಾನು ಕಂಡಿಲ್ಲ. ಆಕೆಯ ಮೇಲೆ ನಂಬಿಕೆ ಬಂತು.

ಗುಂಡ ಈಗ ತಿನ್ನುತ್ತಾನೆ. ಬೇಯಿಸಿ ಹಿಸುಕಿದ ಕ್ಯಾರೆಟ್ ಅರ್ಧ ಬಾಯಿಗೆ, ಅರ್ಧ ನನ್ನ ಅಂಗಿಗೆ. ಬಾಟಲಿಗಳಿಗೆ ಮೇಲಿನ ಮನೆಯಲ್ಲೇ ಬೇರೆ ಪುಟ್ಟ ಫ್ರೀಜರ್ ತಂದಿದ್ದೇನೆ. ನಿಮ್ಮಮ್ಮ ಅದಕ್ಕೆ ಬೀಗ ಹಾಕಿದ್ದಾಳೆ, ಯಾವ ಕಳ್ಳ ಬರುತ್ತಾನೋ ಕಾಣೆ. ನಿನ್ನ ಹೆಂಡತಿ ಚೆನ್ನಾಗಿದ್ದಾಳೆ, ನಿನಗೆ ತಾನೇ ಬರೆಯುತ್ತಾಳಂತೆ. ಒಲೆಯಣ್ಣ ನಮಸ್ಕಾರ ತಿಳಿಸಿದ್ದಾನೆ, ಮೂಗು ಹಿಡಿದುಕೊಂಡು.

ಎಲ್ಲ ಸಮುದ್ರಗಳೂ ನಿನ್ನನ್ನು ಜೋಪಾನವಾಗಿ ದಾಟಿಸಲಿ.

ಇಂತಿ ನಿನ್ನ
ಅಪ್ಪ

ಮರೆತ ಮಾತು: ಲಕೋಟೆ ಅಂಟಿಸುವ ಮೊದಲು ಇದೊಂದು. ಒಂದೇ ಬಾಬತ್ತು ಪದೇ ಪದೇ ಬರೆದ ಕಡೆ ನಷ್ಟ ಅಡಗಿರುತ್ತದೆ ಅನ್ನುವುದು ನನ್ನ ಅನುಭವ. ನಿನ್ನ ಕಾಗದದಲ್ಲಿ ಗೋಧಿ ಒಂದು ಸಲ, ರಸ್ಕ್ ಮೂರು ಸಲ. ದೊಡ್ಡವಳು ಮೂರು ತಿಂಗಳ ಕೂಸಾಗಿದ್ದಾಗ ಗಲ್ಲಾದ ಹಿಂದೆ ಕೂತು ನೀನು ರಸ್ಕನ್ನು ಹಾಲಿಗದ್ದಿ ಅವಳ ಬಾಯಿಗಿಟ್ಟಿದ್ದು ನಾನು ಕಂಡಿದ್ದೆ. ಅವಳು ಚೀಪುತ್ತಿದ್ದಳು, ನೀನು ನಗುತ್ತಿದ್ದೆ. ಅಷ್ಟನ್ನು ಇಷ್ಟು ವರ್ಷ ಹೊತ್ತುಕೊಂಡಿದ್ದೀಯೇನೋ? ಯಾರದು ಅಂತ ಹೇಳದೆ ಡಾಕ್ಟರಮ್ಮನನ್ನು ಕೇಳಿದೆ. "ಒಂದು ರಸ್ಕಿನಿಂದ ಬಂತು ಅಂತ ಹೇಳಬಲ್ಲವರು ಭೂಮಿ ಮೇಲಿಲ್ಲ. ಹುಟ್ಟಿನಿಂದ ಬಂದದ್ದು, ಆಮೇಲೆ ಸೇರಿದ್ದು, ನೂರೆಂಟು ಇರುತ್ತೆ. ಆ ಅಪ್ಪನಿಗೆ ಮನೆಗೆ ಹೋಗೋಕೆ ಹೇಳಿ" ಅಂದರು. ಯಾರಪ್ಪ ಅಂತ ಆಕೆಗೂ ಗೊತ್ತಾಯಿತು ಅಂತ ಕಾಣುತ್ತದೆ.

ಹಡಗಿನವರು ಹೊಸ ಒಪ್ಪಂದ ಮುಂದಿಟ್ಟಿದ್ದಾರಂತೆ. ಸಹಿ ಮಾಡಬೇಡ. ಫೋನಿನಲ್ಲಿ ನೀನು ದೊಡ್ಡವಳ ಸಕ್ಕರೆ ಎಷ್ಟು ಅಂತ ಅವಳಮ್ಮನನ್ನು ಕೇಳುತ್ತೀಯೇ ಹೊರತು ಅವಳಿಗೆ ಫೋನ್ ಕೊಡು ಅನ್ನುವುದಿಲ್ಲ. ನಿನ್ನೆ ಸೂಜಿ ಚುಚ್ಚಿಕೊಳ್ಳುತ್ತಾ ನನ್ನನ್ನು ಕೇಳಿದಳು, "ಅಪ್ಪಂಗೆ ಇಂಜೆಕ್ಷನ್ ಅಂದ್ರೆ ಭಯಾನಾ ತಾತ? ನೋಡೋದೇನೂ ಬೇಡ, ಆ ಕಡೆ ತಿರುಗಿ ಕೂತಿದ್ರೆ ಸಾಕು."

ಕೊನೆಗೆ ಯಾರಿಗೆ ಏನು ದಕ್ಕಿತು ಅಂದರೆ: ಆಸ್ಪತ್ರೆಗೆ ಬಾಟಲಿಗಳು. ಎದುರು ಬೇಕರಿಗೆ ಟೀಚರಮ್ಮ. ಒಲೆಯಣ್ಣನಿಗೆ ಸಾಯುವವರೆಗೆ ಹೇಳಲು ಒಂದು ಕಥೆ. ಗುಂಡನಿಗೆ ಕೆನ್ನೆ. ನಿನ್ನ ಹೆಂಡತಿಗೆ ನಿದ್ದೆ. ದೊಡ್ಡವಳ ಪಾಲು ಇನ್ನೂ ಬಂದಿಲ್ಲ, ಅದು ಹಡಗಿನಲ್ಲಿದೆ.