ನಕ್ಕೋ ಅನ್ನಾಕಿ

ಮಸ್ಕಿ,
ನವೆಂಬರ್ ೯, ಭಾನುವಾರ

ಪ್ರೀತಿಯ ಅಬ್ಬಾ,

ನಿಮ್ಮ ವಸೀಮಾಳ ಸಲಾಮು. ಸೊಂಟದ ನೋವು ಹೇಗಿದೆ? ಭತ್ತ ಕೊಯ್ಯುವ ಮಷೀನಿನ ಸೀಟಿಗೆ ಹಾಕಿಕೊಳ್ಳಲೆಂದು ಅಮ್ಮಿ ಹೊಲಿದುಕೊಟ್ಟ ದಿಂಬನ್ನು ನೀವು ತಲೆಗೆ ಇಟ್ಟುಕೊಂಡು ಮಲಗುತ್ತೀರಂತೆ, ನಿಮ್ಮ ಜೊತೆ ಕೆಲಸ ಮಾಡುವ ಪಂಪಾಪತಿ ಕಾಕಾ ಊರಿಗೆ ಬಂದ ದಿನವೇ ಚಾಡಿ ಹೇಳಿದರು. ಅಮ್ಮಿ ಸಿಟ್ಟಾಗಿದ್ದಾಳೆ, ಆದರೆ ಇನ್ನೊಂದು ದಿಂಬು ಹೊಲಿದು ಈ ಪತ್ರದ ಜೊತೆಗೇ ಕಳಿಸುತ್ತಿದ್ದಾಳೆ. ಭತ್ತದ ಧೂಳಿಗೆ ಮೂಗಿಗೆ ಟವೆಲ್ಲು ಕಟ್ಟಿಕೊಳ್ಳುವುದನ್ನು ಮರೆಯಬೇಡಿ. ನಲ್ಗೊಂಡದ ಕಡೆ ಊಟ ಬಹಳ ಖಾರವಂತೆ, ನಿಮಗೆ ಅದು ಹಬ್ಬವೇ ಆಗಿರಬೇಕು. ಇಲ್ಲಿ ಎಲ್ಲರೂ ಆರಾಮ. ನಿಮ್ಮ ಅತ್ತೆಗೆ, ಅಂದರೆ ನಮ್ಮ ನಾನಿಗೆ, ಕಣ್ಣಿನ ಪೊರೆ ತೆಗೆದ ಮೇಲೆ ನಮ್ಮ ಮನೆಯ ಗೋಡೆ ಎಷ್ಟು ಹೊಲಸಾಗಿದೆ ಎಂದು ಈಗ ಕಾಣತೊಡಗಿದೆ, ಅಮ್ಮಿಗೆ ಕೈತುಂಬ ಕೆಲಸ.

ಫೋನ್ ಇರುವಾಗ ಈ ಹುಡುಗಿ ಪತ್ರ ಏಕೆ ಬರೆದಳು ಎಂದು ನೀವು ಗಾಬರಿಯಾಗಬಾರದು. ನೀವು ಫೋನನ್ನು ಸ್ಪೀಕರಿಗೆ ಹಾಕಿಯೇ ಮಾತಾಡುತ್ತೀರಿ. ಮೇಲೆ ಮಷೀನಿನ ಸದ್ದು, ಕೆಳಗೆ ಟ್ರ್ಯಾಕ್ಟರಿನವರ ಗದ್ದಲ. ನಾನು ಒಂದು ಮಾತು ಕೇಳಿದರೆ ನಾಲ್ಕು ಜನ ಉತ್ತರ ಕೊಡುತ್ತಾರೆ. ಮೊನ್ನೆ "ಅಬ್ಬಾ, ಒಂದು ಕೇಳಬೇಕಿತ್ತು" ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ಯಾರೋ "ಕೇಳವ್ವಾ ಕೇಳು, ಏನ್ ಬೇಕು?" ಎಂದು ನಕ್ಕರು, ನೀವು "ನೋಡೋಣು ಬಿಡು" ಎಂದಿರಿ, ನಾನು ಫೋನ್ ಇಟ್ಟುಬಿಟ್ಟೆ. ಇದು ನಿಮಗೊಬ್ಬರಿಗೇ ಹೇಳುವ ಮಾತು. ನಗಬೇಡಿ, ನಿಮ್ಮ ಮಗಳ ದನಿಯನ್ನು ಈಗ ಮೂರು ತಾಲೂಕು ಕೇಳುತ್ತಿದೆ, ನೀವೊಬ್ಬರೇ ಕೇಳಿಲ್ಲ.

ಮೊದಲಿನಿಂದ ಹೇಳುತ್ತೇನೆ. ನೀವು ಮಷೀನು ಹತ್ತಿ ಹೋದ ಮರುವಾರ ಶಾಕೀರ್ ಮಾಮು ಮನೆಗೆ ಬಂದ. ಅವನ ಕೆಲಸ ನಿಮಗೆ ಗೊತ್ತು, ಮೊಪೆಡ್ಡಿಗೆ ಸ್ಪೀಕರ್ ಕಟ್ಟಿಕೊಂಡು ಊರೂರು ತಿರುಗಿ ಗ್ಯಾಸಿನ ಒಲೆ, ಕುಕ್ಕರು ರಿಪೇರಿ ಮಾಡುವುದು. ಆದರೆ ಸ್ಪೀಕರಿನಲ್ಲಿ ಅವನದೇ ದನಿ ಇತ್ತು. ಆ ದನಿ ಕೇಳಿದರೆ ಒಲೆ ರಿಪೇರಿಗೆ ಬಂದವನೋ ಜಗಳಕ್ಕೆ ಬಂದವನೋ ತಿಳಿಯದೆ ಹೆಂಗಸರು ಬಾಗಿಲು ಮುಚ್ಚಿಕೊಳ್ಳುತ್ತಿದ್ದರು. "ವಸೂ, ನೀ ಹೇಳು, ನಿನ್ನ ದನಿ ಚಲೋ ಐತಿ" ಎಂದ. ಶಾಲೆಯಲ್ಲಿ ಪ್ರಾರ್ಥನೆ ಹೇಳಿಸುತ್ತಿದ್ದವಳು ನಾನೇ ತಾನೇ, ಬೇರೆ ಯಾರನ್ನು ಕೇಳುತ್ತಾನೆ! ದನಿ ಗೋಡೆಗೆ ಬಡಿದು ತಿರುಗಬಾರದೆಂದು ನಾನು ನಾನಿಯ ಕೌದಿಯೊಳಗೆ ಹೊಕ್ಕು, ಬೆವರಿಳಿಸಿಕೊಂಡು ಮಾಮುವಿನ ಮೊಬೈಲಿಗೆ ಹೇಳಿದೆ: "ಗ್ಯಾಸಿನ ಒಲಿ ಸಣ್ಣಗ ಉರಿಯಾಕತ್ತೈತೇನ್ರಿ? ಕುಕ್ಕರ್ ಸೀಟಿ ಹೊಡಿವಲ್ದೇನ್ರಿ? ಫಿಕರ್ ನಕ್ಕೋ ಅಕ್ಕಾ, ನಕ್ಕೋ! ಬಂದಾನ ನೋಡ್ರಿ ಶಾಕೀರ್!"

ಬರೆದುಕೊಂಡಿದ್ದು "ಫಿಕರ್ ಬ್ಯಾಡ್ರಿ", ಚಿಂತೆ ಬೇಡ ಎಂದು. "ಬ್ಯಾಡ" ಎನ್ನುವಲ್ಲಿ ಬಾಯಿಗೆ ಬಂದಿದ್ದು ನಮ್ಮ ಮನೆಯ ಮಾತು, "ನಕ್ಕೋ". ನಾವು ಬರೆಯುವುದು ಕನ್ನಡ, ಜಗಳವಾಡುವುದು, ಮುದ್ದು ಮಾಡುವುದು ದಖನಿ. ಎರಡರ ನಡುವೆ ಹೊಸ್ತಿಲೇ ಇಲ್ಲ. ನಾನು ಹೇಳಿದೆ, ಮಾಮು ಕೇಳಿದ, ಅಮ್ಮಿ ಕೇಳಿದಳು, ಯಾರ ಕಿವಿಗೂ ತಪ್ಪು ಎನ್ನಿಸಲಿಲ್ಲ. ನೀವಿದ್ದಿದ್ದರೂ ಗೊತ್ತಾಗುತ್ತಿರಲಿಲ್ಲ ಬಿಡಿ. ನಮ್ಮ ಮನೆಯಲ್ಲಿ ಆ ಮಾತನ್ನು ನಿಮ್ಮಷ್ಟು ಆಡುವವರೇ ಇಲ್ಲ. ಐಸ್ಕ್ರೀಮ್ ನಕ್ಕೋ, ಸೈಕಲ್ ನಕ್ಕೋ, ಟೂರ್ ನಕ್ಕೋ. ನಿಮ್ಮ ಬಾಯಲ್ಲಿ "ಬ್ಯಾಡ" ಎನ್ನುವ ಕನ್ನಡ ಶಬ್ದವನ್ನು ನಾನು ಹುಟ್ಟಿದಾಗಿನಿಂದ ಕೇಳಿಲ್ಲ.

ಮಸ್ಕಿಯ ಓಣಿಗಳಲ್ಲಿ ಏನೂ ಆಗಲಿಲ್ಲ, ಇಲ್ಲಿ ಎಲ್ಲರಿಗೂ ದಖನಿ ಅರ್ಥವಾಗುತ್ತದೆ. ಮಾಮು ಸಂತೆಕಲ್ಲೂರಿಗೆ ಹೋದಾಗ ಮಜಾ ಆಯಿತು. ಅಲ್ಲಿನ ಹೆಂಗಸರು ಅದನ್ನು ಅಚ್ಚ ಕನ್ನಡದಲ್ಲಿ ಕೇಳಿಸಿಕೊಂಡರು: ಫಿಕರ್ ಆಗೈತೇನು? ನಕ್ಕೋ ಅಕ್ಕಾ, ನಕ್ಕೋ! ನಕ್ಕುಬಿಡು! ಒಬ್ಬಾಕೆ ಮೊಪೆಡ್ಡಿಗೆ ಅಡ್ಡ ನಿಂತು "ಒಲಿ ಕೆಟ್ಟು ಕುಂತೀನಿ, ನಕ್ಕೋ ಅಂತೀಯಲ್ಲೋ" ಎಂದು ಬೈಯಲು ಶುರುಮಾಡಿ, ಬೈಯುತ್ತಲೇ ನಕ್ಕಳಂತೆ. ಆಕೆ ನಕ್ಕಿದ್ದಕ್ಕೆ ಪಕ್ಕದ ಮನೆಯವಳು, ಆಮೇಲೆ ಕಟ್ಟೆಯ ಮೇಲಿದ್ದವರು. ಸಂಜೆಯ ಹೊತ್ತಿಗೆ ಮಕ್ಕಳು ಮೊಪೆಡ್ಡಿನ ಹಿಂದೆ "ನಕ್ಕೋ ಅಕ್ಕಾ" ಎಂದು ಓಡುತ್ತಿದ್ದವು. ಮಾಮು ಮನೆಗೆ ಬಂದು ಹೇಳಿದಾಗ ನನಗೆ ನಾಚಿಕೆಯಾಗಿ ಅಳುವೇ ಬಂತು, ಅಳಿಸಿಹಾಕು ಎಂದೆ. ಅವನು ಎಲ್ಲಿ ಅಳಿಸುತ್ತಾನೆ! ಆ ದಿನದಷ್ಟು ಒಲೆಗಳನ್ನು ಅವನು ಹಿಂದೆಂದೂ ರಿಪೇರಿ ಮಾಡಿರಲಿಲ್ಲ. ಅದೇ ಕೆಲಸ ಮಾಡುವ ಬಳಗಾನೂರಿನ ದೋಸ್ತನಿಗೆ ಕಳಿಸಿದ, ಲಿಂಗಸುಗೂರಿನ ಆಸೀಮನಿಗೆ ಕಳಿಸಿದ, ಅವರು ಕೊನೆಯ ಹೆಸರಷ್ಟೇ ಕತ್ತರಿಸಿ ತಮ್ಮದನ್ನು ಸೇರಿಸಿಕೊಂಡರು. ಸಿಂಧನೂರಿನ ನಿರಾಶ್ರಿತರ ಆರ್.ಎಚ್. ಕ್ಯಾಂಪಿನ ಬಂಗಾಲಿ ಹುಡುಗರಿಗೆ ಎರಡೂ ಅರ್ಥ ಬೇಕಾಗಿಲ್ಲ, ಅವರು ಅದಕ್ಕೊಂದು ತಾಳ ಹಾಕಿಕೊಂಡು ಕುಣಿಯುತ್ತಾರಂತೆ.

ಈಗ ನನ್ನ ತಲೆಯೊಳಗಿನ ಸುದ್ದಿ. ಅಬ್ಬಾ, ಹೆಸರು ಮಾಡಬೇಕು ಎನ್ನುವ ಹುಚ್ಚು ನನಗೆ ಮೊದಲಿನಿಂದಲೂ ಇದೆ, ನಿಮಗೆ ಹೇಳಿರಲಿಲ್ಲ ಅಷ್ಟೆ. ಬಟ್ಟೆ ಒಗೆಯುವಾಗ ನಾನು ಒಗೆಯುವವಳಲ್ಲ, ಟೀವಿಯವರ ಎದುರು ಕೂತವಳು. "ಈ ಎತ್ತರಕ್ಕೆ ಹೇಗೆ ಬಂದಿರಿ ಮೇಡಂ?" ಎಂದು ಅವರು ಕೇಳುತ್ತಾರೆ. "ಕೌದಿಯೊಳಗಿನಿಂದ" ಎಂದು ನಾನು ತಲೆ ಕೊಂಚ ಓರೆ ಮಾಡಿ ಹೇಳುತ್ತೇನೆ. ಸಹಿ ಕೂಡ ರೂಢಿ ಮಾಡಿದ್ದೇನೆ, ವ ಅಕ್ಷರದ ಬಾಲ ಕೊನೆಯವರೆಗೆ ಎಳೆದು. ಕರಿ ಕನ್ನಡಕ ಹಾಕಿಕೊಂಡು ಮಸ್ಕಿ ಬಸ್‌ಸ್ಟ್ಯಾಂಡಿನಲ್ಲಿ ಕಾರಿನಿಂದ ಇಳಿಯುತ್ತೇನೆ. ಆಮೇಲೆ ಕನ್ನಡಕ ಹಾಕಿಕೊಂಡರೆ ನಾನೆಂದು ಯಾರಿಗೆ ಗೊತ್ತಾಗಬೇಕು ಎಂದು ಯೋಚನೆಯಾಗಿ ಅದನ್ನು ತೆಗೆದುಬಿಡುತ್ತೇನೆ. ದೊಡ್ಡ ಹೀರೋಯಿನ್‌ಗಳಿಗೆ ಬೀದಿಯಲ್ಲಿ ನಿಂತು ಮಿರ್ಚಿ ಭಜಿ ತಿನ್ನಲು ಆಗುವುದಿಲ್ಲವಂತೆ, ಪಾಪ. ನನಗೆ ಆ ತೊಂದರೆ ಇಲ್ಲ. ಒಂದು ದಿನ ಭಜಿ ಬಂಡಿಯ ಮುಂದೆ ನಿಂತು ತಿನ್ನುತ್ತಿದ್ದಾಗ ನನ್ನದೇ ದನಿ ರಸ್ತೆಯ ಮೇಲೆ ಹಾದುಹೋಯಿತು. ಬಂಡಿಯವನು "ನಕ್ಕೋ" ಎಂದು ಹಲ್ಲು ಕಿಸಿದು, ನನ್ನ ಕೈಗೆ ಚಟ್ನಿ ಕೊಟ್ಟ. ಹೆಸರಾದವರಲ್ಲಿ ಇಷ್ಟು ಆರಾಮಾಗಿ ಇರುವವಳು ನಾನೊಬ್ಬಳೇ ಎಂದುಕೊಂಡೆ.

ಆ ಆರಾಮು ಬಹಳ ದಿನ ಉಳಿಯಲಿಲ್ಲ. ನನ್ನ ಕ್ಲಾಸಿನ ಅಶ್ವಿನಿ ಗೊತ್ತಲ್ಲ, ಅವಳು ಆ ದನಿಗೆ ತುಟಿ ಆಡಿಸಿ, ಕಣ್ಣು ತಿರುಗಿಸಿ ಒಂದು ರೀಲ್ ಹಾಕಿದಳು. ಅಮ್ಮಿಯ ಫೋನಿಗೇ ಅದು ಬಂತು. ಮರುದಿನ ಬಸ್‌ಸ್ಟ್ಯಾಂಡಿನಲ್ಲಿ ಹುಡುಗಿಯರು ಅವಳ ಹೆಗಲಿಗೆ ಹೆಗಲು ಕೊಟ್ಟು ಸೆಲ್ಫಿ ತೆಗೆಸಿಕೊಳ್ಳುತ್ತಿದ್ದರು, ನನ್ನ ಕೈಗೆ ಫೋನು ಕೊಟ್ಟು "ಸ್ವಲ್ಪ ತೆಗೀಯೇ" ಎಂದರು. ನಾನು ತೆಗೆದೆ. ಹೊಟ್ಟೆಯಲ್ಲಿ ಬೆಂಕಿ ಬಿದ್ದಿತ್ತು, ಸುಳ್ಳೇಕೆ ಹೇಳಲಿ. ನನ್ನ ದನಿಗೆ ನನ್ನ ಹೆಸರಿಲ್ಲ, ಅವಳ ಮುಖಕ್ಕೆ ನನ್ನ ದನಿ. ಆದರೆ ಅಶ್ವಿನಿ ಕೆಟ್ಟವಳಲ್ಲ, ಅವಳಿಗೆ ದನಿ ಯಾರದೆಂದೇ ಗೊತ್ತಿರಲಿಲ್ಲ. ನಾನು ಹೇಳಿದಾಗ ಬಾಯಿ ತೆರೆದುಕೊಂಡು ನಿಂತಳು.

ಮರುವಾರ ನಾನಿಯ ಕನ್ನಡಕ ತರಲು ನಾನು, ಅಮ್ಮಿ ಲಿಂಗಸುಗೂರಿನ ಬಸ್ಸು ಹತ್ತಿದೆವು. ಕಂಡಕ್ಟರಿಗೆ ಆಧಾರ್ ತೋರಿಸಿ "ಎರಡು ಲಿಂಗಸುಗೂರು ಅಣ್ಣಾ" ಎಂದೆ, ಇಷ್ಟೇ. ಮುಂದಿನ ಸೀಟಿನ ಅಜ್ಜಿಯೊಬ್ಬಳು ಗಕ್ಕನೆ ತಿರುಗಿದಳು. ಸಂತೆಕಲ್ಲೂರಿನವಳು, ಗಾಳೆಮ್ಮ ಎಂದು ಹೆಸರು. "ಯವ್ವಾ, ನಕ್ಕೋ ಅನ್ನಾಕಿ ನೀನ ಏನು?" ಎಂದಳು. ನಾನು ಹೌದೆಂದು ತಲೆಯಾಡಿಸಿದೆ. ಅವಳು ನನ್ನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು. "ನನ್ನ ಒಲಿಗೇನೂ ಆಗಿಲ್ಲ, ಚಲೋ ಉರಿತೈತಿ. ಆದ್ರೂ ನಿನ್ನ ದನಿ ಬಂತಂದ್ರ ಬಾಗಲಿಗೆ ಬಂದು ನಿಂದ್ರತೀನಿ. ಉಂಡ್ಯಾ, ಗುಳಿಗಿ ತಗೊಂಡ್ಯಾ ಅಂತ ಮನ್ಯಾಗ ಎಲ್ಲಾರೂ ಕೇಳ್ತಾರ. ನಕ್ಕೋ ಅಂತ ಯಾರ್ ಹೇಳ್ತಾರ? ಹೆಸರೇನವ್ವಾ ನಿಂದು?" ನಾನು ಹೆಸರು ಹೇಳಿದೆ. ಅವಳು ಅದನ್ನು ಬಾಯಲ್ಲಿ ಹೊರಳಿಸಿ ಹೊರಳಿಸಿ "ವಸೀಮವ್ವ" ಎಂದು ತನ್ನಂತೆ ಮಾಡಿಕೊಂಡಳು. ಅಬ್ಬಾ, ಆ ಬಸ್ಸಿನಲ್ಲಿ ನನಗಾದ ಖುಷಿಯನ್ನು ಬರೆಯಲು ಬರುವುದಿಲ್ಲ. ಟೀವಿಯವರು, ಕಾರು, ಕರಿ ಕನ್ನಡಕ ಎಲ್ಲ ಆ ಹೊತ್ತಿಗೆ ಮರೆತೇಹೋಗಿತ್ತು. ನನ್ನ ಹೆಸರು ಕೇಳಿದರಲ್ಲ, ಅದು ಸಾಕಾಗಿತ್ತು. ಸಾಕಾಗಿತ್ತು ಎಂದರೆ ಅವತ್ತಿನ ಮಟ್ಟಿಗೆ.

ಈಗ ಮುಖ್ಯ ಮಾತು. ಸಿಂಧನೂರಿನಲ್ಲಿ ಗೋಪಣ್ಣ ಎನ್ನುವವರ ರೆಕಾರ್ಡಿಂಗ್ ಅಂಗಡಿ ಇದೆ. ಆಟೋದ ಮೇಲೆ ಕೂಗುವ ಜಾಹೀರಾತು, ಬಟ್ಟೆ ಅಂಗಡಿ, ಶಾಲೆಯ ಅಡ್ಮಿಷನ್, ಎಲ್ಲವನ್ನೂ ಅವರೇ ಮಾಡಿಕೊಡುವುದು. ಅವರು ಅಶ್ವಿನಿಯ ರೀಲ್ ನೋಡಿ ಅವಳನ್ನು ಕರೆಸಿದರು. ಅವಳು ಹೋಗಿ "ಮುಖ ಅಷ್ಟೇ ನಂದು ಸರ್, ದನಿ ವಸೀಮಾಂದು" ಎಂದಳಂತೆ. ಹೇಳದೆ ಸುಮ್ಮನಿರಬಹುದಿತ್ತು, ಹೇಳಿದಳು. ಅವತ್ತಿನಿಂದ ಹೊಟ್ಟೆಯ ಬೆಂಕಿ ಆರಿದೆ. ಗೋಪಣ್ಣ ಮಾಮುವಿನ ಜೊತೆ ಮಾತಾಡಿದ್ದಾರೆ. ಭಾನುವಾರ ಮಾತ್ರ ಕೆಲಸ, ಮಾಮು ಜೊತೆಗೆ ಬರುತ್ತಾನೆ, ಕಾಲೇಜಿಗೆ ಏನೂ ಅಡ್ಡಿಯಿಲ್ಲ, ಮುಖ ತೋರಿಸುವ ಪ್ರಶ್ನೆಯೇ ಇಲ್ಲ. ನಾನು ಒಂದೇ ಶರತ್ತು ಹಾಕಿದೆ. ಪ್ರತಿ ರೆಕಾರ್ಡಿಂಗಿನ ಕೊನೆಗೆ "ಹೇಳಿದಾಕಿ ವಸೀಮಾ, ಅಮ್ಜದ್‌ನ ಮಗಳು, ಮಸ್ಕಿ" ಎಂದು ಇರಬೇಕು. ಅವರು ಸ್ವಲ್ಪ ಹೊತ್ತು ತಲೆ ಕೆರೆದುಕೊಂಡು, ಆಗಲಿ, ಆದರೆ ಹದಿನೆಂಟು ತುಂಬಿಲ್ಲ, ತಂದೆಯ ಒಪ್ಪಿಗೆ ಬೇಕು ಎಂದರು.

ಅಮ್ಮಿಗೆ ಇದು ಹಿಡಿಸಿಲ್ಲ. ದನಿಯ ಬಗ್ಗೆ ಅವಳ ತಕರಾರಿಲ್ಲ, ಹೆಸರಿನದೇ ತಕರಾರು. "ಹುಡುಗಿ ಹೆಸರು ಬೀದಿಬೀದಿ ಒದರಿಸ್ಕೋತಾರೇನು? ನಾಳೆ ಜನ ಏನಂತಾರ?" ಎನ್ನುತ್ತಾಳೆ. ಅವಳ ಹೆದರಿಕೆ ಸುಳ್ಳೆಂದು ನಾನು ಹೇಳುವುದಿಲ್ಲ, ಜನ ಅನ್ನುವವರೇ. ಆದರೆ ನಾನಿ ಹೊಸ ಕನ್ನಡಕ ಸರಿಮಾಡಿಕೊಂಡು ಹೇಳಿದ್ದನ್ನು ಕೇಳಿ: "ಚಾಂದ್‌ಬೀ ಅಂತ ನನ್ನ ಹೆಸರು ರೇಷನ್ ಅಂಗಡ್ಯಾವ ಬಿಟ್ರ ಯಾರೂ ಜೋರಾಗಿ ಕರದಿಲ್ಲ. ಹುಡುಗೀದರ ಕರೀಲಿ ಬಿಡು." ಅಮ್ಮಿ ಅದಕ್ಕೂ ಒಪ್ಪಲಿಲ್ಲ. "ನಿಮ್ಮ ಅಬ್ಬಾನ್ನ ಕೇಳು, ಅವರು ಏನ್ ಹೇಳಿದ್ರ ಅದ" ಎಂದು ಎದ್ದು ಹೋದಳು. ಅಬ್ಬಾ, ನೀವು ಬೇಡವೆಂದರೆ ನಾನು ಅತ್ತು ಕರೆದು ಮಾಡುವವಳಲ್ಲ, ಕಾಲೇಜಿಗೆ ಹೋಗುತ್ತೇನೆ, ಭಜಿ ತಿನ್ನುತ್ತೇನೆ. ಆದರೆ ನನ್ನ ದನಿ ಹೆಸರಿಲ್ಲದೆ ಊರೂರು ಅಲೆಯುವುದನ್ನು ಕೇಳಿದಾಗಲೆಲ್ಲ ಸಂಕಟವಾಗುತ್ತದೆ, ಅದನ್ನು ಮುಚ್ಚಿಡಲು ನನಗೆ ಬರುವುದಿಲ್ಲ. ನಾನು ಚೆನ್ನಾಗಿ ಹೇಳುತ್ತೇನೆ. ಇದನ್ನು ಜಂಬ ಎಂದುಕೊಳ್ಳಬೇಡಿ. ನೀವು ಗದ್ದೆಯ ಮೂಲೆಯಲ್ಲಿ ಒಂದು ತೆನೆ ಬಿಡದೆ ಮಷೀನು ತಿರುಗಿಸುವಾಗ ನಿಮಗೆ ಗೊತ್ತಿರುತ್ತದಲ್ಲ, ಹಾಗೆಯೇ ನನಗೂ ಗೊತ್ತು.

ಅಮ್ಮಿ, ನಾನಿ, ಮಾಮು ಎಲ್ಲರ ಸಲಾಮು. ದಿಂಬನ್ನು ಸೀಟಿಗೇ ಹಾಕಿಕೊಳ್ಳಿ. ಅಲ್ಲಾಹ್ ನಿಮ್ಮನ್ನು ಸುಖವಾಗಿ ಕೊಯ್ಲು ಮುಗಿಸಿ ಮನೆಗೆ ಕರೆತರಲಿ.

ನಿಮ್ಮ ಮಗಳು,
ವಸೀಮಾ
(ವ ಅಕ್ಷರದ ಬಾಲ ನೋಡಿದಿರಾ?)

ಅವಸರದಲ್ಲಿ: ಈ ಪತ್ರ ಒಯ್ಯಲು ಪಂಪಾಪತಿ ಕಾಕಾ ಬಾಗಿಲಲ್ಲಿ ನಿಂತು ಹಾರ್ನ್ ಹೊಡೆಯುತ್ತಿದ್ದಾರೆ. ಬರುವ ಭಾನುವಾರ ಬೆಳಿಗ್ಗೆ ಗೋಪಣ್ಣನವರಿಗೆ ಉತ್ತರ ಹೇಳಬೇಕು, ಅಷ್ಟರೊಳಗೆ ಫೋನ್ ಮಾಡಿ. ಈ ಸಲ ಸ್ಪೀಕರಿಗೇ ಹಾಕಿ, ಎಲ್ಲರೂ ಕೇಳಲಿ. ಬೇಡ ಎನ್ನುವುದಾದರೆ ನೇರವಾಗಿ ಕನ್ನಡದಲ್ಲಿ "ಬ್ಯಾಡ" ಎಂದೇ ಹೇಳಬೇಕು. ರೂಢಿಯಂತೆ "ನಕ್ಕೋ" ಎಂದಿರೋ, ನಾನು ಸಂತೆಕಲ್ಲೂರಿನವರ ಹಾಗೆ ಕೇಳಿಸಿಕೊಂಡು, ನಕ್ಕು, ಸಿಂಧನೂರಿನ ಬಸ್ಸು ಹತ್ತುತ್ತೇನೆ.